ಏಟು ತಿನ್ನುತ್ತಿರುವ ಅಕ್ಕ-ತಂಗಿಗೆ ಜೊತೆಯಾಗುವುದು ಹೇಗೆ? ಮೈಸೂರು-ಮಂಡ್ಯದವರಿಗೆ ಹಂತ ಹಂತದ ಮಾರ್ಗದರ್ಶಿ

ವಿಷಯ ತಿಳಿದ ದಿನ ಮಾಡಬಾರದ ಕೆಲಸ ಒಂದಿದೆ. ನಾಲ್ಕು ಜನ ಸೇರಿ, ಟೆಂಪೊ ಹತ್ತಿ, ಅಳಿಯನ ಊರಿಗೆ ಹೋಗಿ, ಜಗಲಿ ಮೇಲೆ ಕೂತು ‘ನ್ಯಾಯ’ ಮಾಡುವುದು. ಮದ್ದೂರಿನಿಂದ ಪಿರಿಯಾಪಟ್ಟಣದ ತನಕ ಇದೇ ರೂಢಿ. ಯಜಮಾನರು ಇಬ್ಬರಿಗೂ ಬುದ್ಧಿ ಹೇಳುತ್ತಾರೆ, ಅವನು ತಲೆ ಬಗ್ಗಿಸಿ ‘ಇನ್ನೊಂದ್ಸಲ ಹಿಂಗಾಗಲ್ಲ’ ಅನ್ನುತ್ತಾನೆ, ಕಾಫಿ ಕುಡಿದು ಎಲ್ಲರೂ ವಾಪಸ್ಸು. ರಾತ್ರಿ ಆ ಮನೆಯಲ್ಲಿ ಉಳಿಯುವವಳು ಅವಳೊಬ್ಬಳೇ. ಮಾನ ಬೀದಿಗೆ ಬಂತೆಂಬ ಅವನ ಸಿಟ್ಟೆಲ್ಲ ತೀರುವುದು ಅವಳ ಮೈಮೇಲೆ. ಮುಂದಿನ ಸಲ ಏಟು ಬಿದ್ದರೆ ಅವಳು ನಿಮಗೂ ಹೇಳುವುದಿಲ್ಲ.

ಅಣ್ಣತಮ್ಮಂದಿರು, ಗೆಳತಿಯರು, ಪಕ್ಕದ ಮನೆಯವರು, ಜೊತೆಗೆ ಗಾರ್ಮೆಂಟ್ಸಿಗೆ ಹೋಗುವವರು ಮಾಡಬಹುದಾದ ಕೆಲಸ ಇದಕ್ಕಿಂತ ನಿಧಾನದ್ದು, ಸದ್ದಿಲ್ಲದ್ದು. ಸಿದ್ಧತೆ ನಿಮ್ಮದು. ಬಿಡಬೇಕೋ, ಇರಬೇಕೋ, ಯಾವಾಗ ಹೊರಡಬೇಕೋ ಅನ್ನುವ ತೀರ್ಮಾನ ಅವಳದು. ಅವನ ಹೆಜ್ಜೆ ಸದ್ದಿನಲ್ಲೇ ಇವತ್ತು ಹೇಗಿದ್ದಾನೆ ಅಂತ ಲೆಕ್ಕ ಹಾಕಬಲ್ಲವಳು ಅವಳೊಬ್ಬಳೇ, ನಾವಲ್ಲ.

1. ಮೊದಲ ಮಾತು

ಫೋನಿನಲ್ಲಿ ಶುರು ಮಾಡಬೇಡಿ. ಕಾಲ್ ರೆಕಾರ್ಡ್ ಆಗುತ್ತಿರಬಹುದು, ಸ್ಪೀಕರ್ ಆನ್ ಇರಬಹುದು, ಅತ್ತೆ ಪಕ್ಕದಲ್ಲೇ ಕೂತಿರಬಹುದು. ಆಸ್ಪತ್ರೆಗೆ ಹೋಗುವಾಗ, ಮಕ್ಕಳನ್ನು ಸ್ಕೂಲಿಗೆ ಬಿಡುವಾಗ, ಡೇರಿಗೆ ಹಾಲು ಹಾಕಲು ಬಂದಾಗ, ಸಂಘದ ಸಭೆ ಮುಗಿದ ಮೇಲೆ, ಅವಳು ಒಬ್ಬಳೇ ಸಿಗುವ ಹೊತ್ತು ನೋಡಿ. ‘ಅವನು ಹೊಡೀತಾನಾ?’ ಅಂತ ನೇರವಾಗಿ ಕೇಳಿದರೆ ಬಹಳ ಮಂದಿ ‘ಇಲ್ಲಪ್ಪ’ ಅಂದುಬಿಡುತ್ತಾರೆ. ‘ಯಾಕೋ ನೀ ಮೊದಲಿನಂಗಿಲ್ಲ ಕಣೆ. ಏನಾದ್ರೂ ಇದ್ರೆ ನಂಗೆ ಹೇಳು. ನಿನ್ನ ಕೇಳ್ದೆ ನಾನೇನೂ ಮಾಡಲ್ಲ’ ಅಂದು ಸುಮ್ಮನಾಗಿ. ಕೊನೆಯ ಮಾತೇ ಮುಖ್ಯ. ಅವಳ ಹೆದರಿಕೆಯ ಅರ್ಧ ಪಾಲು ಗಂಡನದ್ದಾದರೆ, ಉಳಿದರ್ಧ ‘ಅಣ್ಣ ಹೋಗಿ ಏನು ಮಾಡಿಬಿಡ್ತಾನೋ’ ಅನ್ನುವುದು.

ಹೇಳತೊಡಗಿದರೆ ಪೂರ್ತಿ ಕೇಳಿ. ‘ನೀನೇನು ಅಂದೆ ಅವನಿಗೆ?’, ‘ಕುಡಿದಾಗ ಮಾತ್ರ ತಾನೆ?’, ‘ಮಕ್ಕಳ ಮುಖ ನೋಡ್ಕೊಂಡು ಹೊಂದ್ಕೊಂಡು ಹೋಗವ್ವ’, ಈ ಮೂರು ಮಾತಲ್ಲಿ ಒಂದು ಬಾಯಿಗೆ ಬಂದರೂ ಬಾಗಿಲು ಮುಚ್ಚಿತು ಅಂತ ತಿಳಿಯಿರಿ. ಗಂಡನನ್ನು ಬಾಯಿಗೆ ಬಂದಂತೆ ಬೈಯುವುದೂ ಅಷ್ಟೇ ಕೆಟ್ಟದ್ದು. ನಾಳೆ ಅವರಿಬ್ಬರೂ ಒಂದಾದರೆ, ಬೈದ ನಿಮ್ಮ ಹತ್ತಿರ ಮತ್ತೆ ಬರಲು ಅವಳಿಗೆ ಮುಜುಗರ. ಸಾಕಾಗುವಷ್ಟು ಮಾತು ಇಷ್ಟೇ: ‘ನಂಬ್ತೀನಿ. ಇದು ನಿನ್ನ ತಪ್ಪಲ್ಲ. ಈಗ ಏನು ಮಾಡಿದ್ರೆ ನಿಂಗೆ ಅನುಕೂಲ?’

ಹೊಡೆಯದಿದ್ದರೂ ಹಿಂಸೆ ಇರುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಹಿಂಸೆಗಳನ್ನು ಒಂದೇ ಸಾಲಿನಲ್ಲಿ ಇಡುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ಬೀಳುವ ಖಾತೆಯ ಎಟಿಎಂ ಕಾರ್ಡು ಅವನ ಜೇಬಿನಲ್ಲಿರುವುದು, ಅವಳ ಒಡವೆ ಕೇಳದೆ ಗಿರವಿ ಇಡುವುದು, ಅವಳ ಹೆಸರಲ್ಲಿ ಸಂಘದ ಸಾಲ ಎತ್ತಿಸಿ ತಾನು ಖರ್ಚು ಮಾಡುವುದು ಆರ್ಥಿಕ ಹಿಂಸೆಗೆ ಸೇರುತ್ತವೆ. ಹೆಂಡತಿಗೆ ಮಾತ್ರ ಅಂತಲ್ಲ. ಮಗನಿಂದ ಏಟು ತಿನ್ನುವ ತಾಯಿ, ಅಣ್ಣನ ಮನೆಯಲ್ಲಿ ಬೈಗುಳ ತಿಂದುಕೊಂಡಿರುವ ವಿಧವೆ ತಂಗಿ, ಮದುವೆಯಾಗದೆ ಸಂಸಾರ ಮಾಡುತ್ತಿರುವವಳು, ಇವರೂ ಈ ಕಾಯ್ದೆಯಡಿ ಬರುತ್ತಾರೆ.

2. ಕಾಯುವ ಹೊತ್ತೋ, ಓಡುವ ಹೊತ್ತೋ

ಎಲ್ಲ ಪ್ರಕರಣಕ್ಕೂ ಒಂದೇ ವೇಗ ಸಲ್ಲದು. ಕೆಲವು ಗುರುತು ಕಂಡರೆ ‘ನೋಡೋಣ, ಹಬ್ಬ ಕಳೀಲಿ’ ಅನ್ನಬಾರದು. ಕತ್ತು ಹಿಸುಕಿದ್ದು, ಮಚ್ಚು-ಕುಡುಗೋಲು ತೋರಿಸಿದ್ದು, ‘ನಿನ್ನ ಕೊಂದು ನಾನೂ ಸಾಯ್ತೀನಿ’ ಅಂದದ್ದು, ಬಸುರಿಯ ಹೊಟ್ಟೆಗೆ ಒದ್ದದ್ದು, ತಿಂಗಳಿಗೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆದದ್ದು, ಹೋದಲ್ಲೆಲ್ಲ ಹಿಂಬಾಲಿಸುವುದು.

ಇದರಲ್ಲಿ ಕತ್ತು ಹಿಸುಕಿದ್ದನ್ನು ನಮ್ಮ ಕಡೆ ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ, ‘ಗುರುತೇ ಇಲ್ಲವಲ್ಲ’ ಅಂತ. ಕತ್ತಿನ ಮೇಲೆ ಒಂದು ಗೀರೂ ಇಲ್ಲದೆ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ದನಿ ಗೊಗ್ಗರಾಗುವುದು, ಉಗುಳು ನುಂಗಲು ನೋವು, ಕಣ್ಣಲ್ಲಿ ಕೆಂಪು ಚುಕ್ಕೆ, ತಲೆ ಸುತ್ತು, ಹಿಸುಕಿದ ಹೊತ್ತಿನಲ್ಲಿ ಉಚ್ಚೆ ಹೋದದ್ದು, ಯಾವುದೇ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಪೆಟ್ಟಿನ ಪರಿಣಾಮ ಒಂದೆರಡು ದಿನ ಕಳೆದ ಮೇಲೂ ಎದ್ದೀತು. ಒಮ್ಮೆ ಕತ್ತಿಗೆ ಕೈ ಹಾಕಿದವನು ಮುಂದೆ ಕೊಲ್ಲುವ ಅಪಾಯ ಹಲವು ಪಟ್ಟು ಹೆಚ್ಚು ಅನ್ನುವುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುವ ಸಂಗತಿ.

ಅವಳೇ ಸಾಯುವ ಮಾತಾಡುತ್ತಿದ್ದರೆ ಅದನ್ನೂ ಬೆದರಿಕೆ ಅಂತ ತಳ್ಳಿಹಾಕಬೇಡಿ. ಕಬ್ಬು, ಭತ್ತ ಬೆಳೆಯುವ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಡಬ್ಬ ಕೈಗೆ ಸಿಗುವ ಹಾಗೇ ಇರುತ್ತದೆ. ಅದನ್ನು ಅಲ್ಲಿಂದ ಸಾಗಿಸುವ ಏರ್ಪಾಡು ಮೊದಲು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

3. ಗುಟ್ಟಿನ ಮಾತು, ವಿಳಾಸ, ಚೀಲ

ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ವಾಕ್ಯ ಗೊತ್ತುಮಾಡಿಕೊಳ್ಳಿ. ‘ಅವ್ವಂಗೆ ಬಿಪಿ ಮಾತ್ರೆ ತಂದ್ಯಾ?’ ಅನ್ನುವಂಥದ್ದು, ಯಾರ ಎದುರಿಗಾದರೂ ಆಡಬಹುದಾದದ್ದು. ಆ ಮಾತು ಬಂದರೆ ನೀವು ಏನು ಮಾಡಬೇಕು ಅನ್ನುವುದೂ ಆಗಲೇ ನಿರ್ಧಾರವಾಗಿರಲಿ: ಪೊಲೀಸರ ತುರ್ತು ನಂಬರು 112ಕ್ಕೆ ಕರೆ ಮಾಡುವುದಾ, ಸುಮ್ಮನೆ ಬಂದು ಬಾಗಿಲು ತಟ್ಟುವುದಾ?

112ಕ್ಕೆ ಕರೆ ಮಾಡಿದರೆ ಕೇಳುವ ಮೊದಲ ಪ್ರಶ್ನೆ ಎಲ್ಲಿ ಅಂತ. ಮೈಸೂರಿನ ಬಡಾವಣೆಯಾದರೆ ಮನೆ ನಂಬರು, ಕ್ರಾಸು, ಹತ್ತಿರದ ಗುರುತು ಬರೆದಿಟ್ಟುಕೊಳ್ಳಿ. ತೊಂದರೆ ಆಗುವುದು ತೋಟದ ಮನೆಗಳಲ್ಲಿ. ನಾಗಮಂಗಲವೋ ಕೆ.ಆರ್. ಪೇಟೆಯೋ, ಊರಾಚೆ ಕಬ್ಬಿನ ಗದ್ದೆ ನಡುವಿನ ಒಂಟಿ ಮನೆಯನ್ನು ಕತ್ತಲಲ್ಲಿ ಜೀಪಿನವರಿಗೆ ಬಾಯಲ್ಲಿ ಹೇಳಿ ತಲುಪಿಸಲಾಗದು. ಒಮ್ಮೆ ಹಗಲಲ್ಲಿ ಹೋದಾಗ ಗೂಗಲ್ ಮ್ಯಾಪಿನಲ್ಲಿ ಆ ಜಾಗಕ್ಕೆ ಪಿನ್ ಹಾಕಿ ಉಳಿಸಿಕೊಳ್ಳಿ. ಯಾವ ಚಾನಲ್ ಏರಿ ಮೇಲಿಂದ ವಾಹನ ಬರುತ್ತದೆ ಅನ್ನುವುದನ್ನೂ ನೋಡಿಟ್ಟುಕೊಳ್ಳಿ.

ಜಗಳ ಶುರುವಾದಾಗ ಅಡುಗೆಮನೆಗೂ ಬಚ್ಚಲಿಗೂ ಓಡಬೇಡ ಅಂತ ಅವಳಿಗೆ ಹೇಳಿ. ಒಂದರಲ್ಲಿ ಚಾಕು, ಗ್ಯಾಸು. ಇನ್ನೊಂದಕ್ಕೆ ಎರಡನೇ ಬಾಗಿಲಿಲ್ಲ. ಮುಂಬಾಗಿಲ ಕಡೆ ಸರಿಯುವುದು ಲೇಸು. ಮಕ್ಕಳು ನಡುವೆ ಬರಬಾರದು, ಪಕ್ಕದ ಮನೆಗೆ ಓಡಬೇಕು. ಅವರಿಗೆ 112, ಮಕ್ಕಳ ಸಹಾಯವಾಣಿ 1098 ಎರಡನ್ನೂ ಬಾಯಿಪಾಠ ಮಾಡಿಸಿ.

ಇನ್ನು ಚೀಲ. ಅದು ಅವಳ ಮನೆಯಲ್ಲಿರಬಾರದು, ನಿಮ್ಮ ಮನೆಯಲ್ಲಿರಬೇಕು. ಒಂದೇ ದಿನ ಎಲ್ಲ ಸಾಗಿಸಿದರೆ ಅನುಮಾನ ಬರುತ್ತದೆ. ಹೋದಾಗೊಂದು ಬಂದಾಗೊಂದು ಸಾಗಲಿ. ಆಧಾರ್, ವೋಟರ್ ಕಾರ್ಡು, ರೇಷನ್ ಕಾರ್ಡಿನ ಜೆರಾಕ್ಸು, ಬ್ಯಾಂಕ್ ಪಾಸ್‌ಬುಕ್ಕು, ಮಕ್ಕಳ ಜನನ ಪ್ರಮಾಣಪತ್ರ, ಬಸುರಿಯಾದರೆ ತಾಯಿ ಕಾರ್ಡು, ದಿನಾ ತೆಗೆದುಕೊಳ್ಳುವ ಮಾತ್ರೆ, ಎರಡು ಜೊತೆ ಬಟ್ಟೆ, ಇನ್ನೊಂದು ಬೀಗದ ಕೈ. ಜನ ಮರೆಯುವುದು ಎರಡನ್ನು. ಲಗ್ನಪತ್ರಿಕೆ ಮತ್ತು ಧಾರೆಯ ಫೋಟೊ ಒಂದು: ಮದುವೆ ನೋಂದಣಿ ಆಗದವರೇ ಹೆಚ್ಚಿರುವ ನಮ್ಮಲ್ಲಿ, ಕೋರ್ಟಿಗೆ ಮದುವೆಯ ಪುರಾವೆ ಅದೇ. ಇನ್ನೊಂದು, ಒಡವೆ ಕೊಂಡ ಅಂಗಡಿಯ ರಸೀತಿ. ಸ್ತ್ರೀಧನ, ಅಂದರೆ ಅವಳದೇ ಆದ ಒಡವೆ-ವಸ್ತು, ವಾಪಸ್ ಕೇಳುವಾಗ ಎಷ್ಟು ಗ್ರಾಂ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಮೂಲಪ್ರತಿ ತರಲಾಗದಿದ್ದರೆ ನಿಮ್ಮ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಅವಳದ್ದರಲ್ಲಿ ಬೇಡ.

4. ಫೋನು

ಮೊದಲು ವಾಟ್ಸಾಪಿನ ಮೂರು ಚುಕ್ಕೆ ಒತ್ತಿ ‘ಲಿಂಕ್ಡ್ ಡಿವೈಸಸ್’ ನೋಡಿ. ಗೊತ್ತಿಲ್ಲದ ಕಂಪ್ಯೂಟರಿನ ಹೆಸರು ಕಂಡರೆ ಅವಳ ಮೆಸೇಜೆಲ್ಲ ಇನ್ನೊಂದು ಕಡೆ ಓದಲಾಗುತ್ತಿದೆ. ಆಮೇಲೆ ಗೂಗಲ್ ಮ್ಯಾಪಿನಲ್ಲಿ ಲೊಕೇಶನ್ ಶೇರಿಂಗ್. ಫೋನ್ ಕೊಡಿಸಿದವನು ಅವನೇ ಆಗಿದ್ದರೆ ಜಿಮೇಲ್ ಪಾಸ್‌ವರ್ಡೂ ಅವನಿಗೆ ಗೊತ್ತಿರಬಹುದು. ಆದರೆ ಕಂಡ ತಕ್ಷಣ ಎಲ್ಲವನ್ನೂ ಆಫ್ ಮಾಡಬೇಡಿ. ಆಫ್ ಆದದ್ದು ಅವನಿಗೆ ತಿಳಿಯುತ್ತದೆ, ಯಾಕೆ ಅಂತ ಕೇಳಿಯೇ ಕೇಳುತ್ತಾನೆ. ಹೊರಡುವ ದಿನದ ತನಕ ಅದನ್ನು ಹಾಗೇ ಬಿಟ್ಟು, ಮುಖ್ಯವಾದ ಮಾತಿಗೆ ನಿಮ್ಮ ಫೋನ್ ಬಳಸುವುದು ಕ್ಷೇಮ. ಮಹಿಳಾ ಸಹಾಯವಾಣಿಗೆ ನಿಮ್ಮ ಫೋನಿನಿಂದಲೇ ಕರೆ ಮಾಡಿಸಿದರೆ ಅವಳ ಕಾಲ್ ಪಟ್ಟಿಯಲ್ಲಿ 181 ಉಳಿಯುವುದಿಲ್ಲ.

ಆಧಾರ್, ಬ್ಯಾಂಕಿಗೆ ಜೋಡಿಸಿದ ಮೊಬೈಲ್ ನಂಬರು ಅವನದ್ದಾಗಿದ್ದರೆ ಓಟಿಪಿ ಎಲ್ಲ ಅವನಿಗೇ ಹೋಗುತ್ತದೆ. ಹೊಸ ಸಿಮ್, ಬೇರೆ ಬ್ಯಾಂಕಿನಲ್ಲಿ ಅವಳೊಬ್ಬಳ ಹೆಸರಿನ ಖಾತೆ, ಆ ಖಾತೆಗೆ ಆಧಾರ್ ಜೋಡಣೆ, ಹೀಗೆ ಕ್ರಮವಾಗಿ ಮಾಡಿ. ಜೋಡಣೆ ಬದಲಾದ ಮೇಲೆ ಗೃಹಲಕ್ಷ್ಮಿ ದುಡ್ಡು ಹೊಸ ಖಾತೆಗೆ ಬರುತ್ತದೆ. ಹಳೆಯದಕ್ಕೆ ನಿಂತದ್ದು ಅವನಿಗೆ ಗೊತ್ತಾಗುವುದರಿಂದ ಜೋಡಣೆಯನ್ನು ಹೊರಡುವ ದಿನಕ್ಕೆ ಹತ್ತಿರ ಇಟ್ಟುಕೊಳ್ಳಿ.

5. ಪುರಾವೆ

ಏಟಿನ ಫೋಟೊ ಎರಡು ಥರ ಬೇಕು. ಮುಖವೂ ಗಾಯವೂ ಒಟ್ಟಿಗೆ ಕಾಣುವುದೊಂದು, ಗಾಯದ ಪಕ್ಕ ಒಂದು ನಾಣ್ಯವಿಟ್ಟು ಹತ್ತಿರದಿಂದ ತೆಗೆದದ್ದು ಇನ್ನೊಂದು. ಕಂದಿದ ಗುರುತು ಮಾರನೆಯ ದಿನ, ಅದರ ಮಾರನೆಯ ದಿನ ಇನ್ನೂ ಗಾಢವಾಗುತ್ತದೆ; ಆಗ ಮತ್ತೆ ತೆಗೆಯಿರಿ. ಕತ್ತರಿಸಬೇಡಿ, ಬೆಳಕು ತಿದ್ದಬೇಡಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಸಾಲದು, ಮೂಲ ಫೈಲು ತೆಗೆದ ಫೋನಿನಲ್ಲೇ ಇರಲಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು, ಅದನ್ನು ವಕೀಲರು ಮಾಡಿಸುತ್ತಾರೆ.

ಆಸ್ಪತ್ರೆಯಲ್ಲಿ ಕೆಲಸ ಕೆಡುವುದು ಒಂದು ವಾಕ್ಯದಿಂದ: ‘ಬಚ್ಚಲಲ್ಲಿ ಜಾರಿ ಬಿದ್ದೆ.’ ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ಆರು ತಿಂಗಳ ನಂತರ ಎದುರು ಪಕ್ಷದ ವಕೀಲರು ಅದೇ ಚೀಟಿ ಎತ್ತಿ ಓದುತ್ತಾರೆ. ಜೊತೆಗೆ ಹೋದವರು ಗಂಡನ ಕಡೆಯವರಾದರೆ ಅವಳು ಬೇರೇನು ಹೇಳಿಯಾಳು? ಆದ್ದರಿಂದ ಜೊತೆಗೆ ನೀವು ಹೋಗಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಬಸುರಿಯಾದರೆ ಚೆಲುವಾಂಬ, ಮಂಡ್ಯದಲ್ಲಿ ಮಿಮ್ಸ್, ಉಳಿದೆಡೆ ತಾಲ್ಲೂಕು ಆಸ್ಪತ್ರೆ. ಯಾರು, ಯಾವುದರಿಂದ, ಯಾವಾಗ ಹೊಡೆದರು ಅಂತ ಡಾಕ್ಟರಿಗೆ ಹೇಳಿ, ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಗಾಯದ ದಾಖಲೆ) ಮಾಡಿ ಅಂತ ಕೇಳಿ, ನಂಬರು ಬರೆದುಕೊಳ್ಳಿ. ಎಂಎಲ್‌ಸಿ ಆದರೆ ಠಾಣೆಗೆ ಮಾಹಿತಿ ಹೋಗುತ್ತದೆ, ಪೊಲೀಸರು ಬಂದು ವಿಚಾರಿಸಬಹುದು. ಇದನ್ನು ಅವಳಿಗೆ ಮೊದಲೇ ತಿಳಿಸಿ, ಅಲ್ಲಿ ಹೋದ ಮೇಲೆ ಗಾಬರಿಯಾಗಬಾರದು.

ಅವನ ಆದಾಯದ ಪುರಾವೆಯನ್ನು ಎಲ್ಲರೂ ಮರೆಯುತ್ತಾರೆ. ಜೀವನಾಂಶದ ದಿನ ಎಕರೆಗಟ್ಟಲೆ ಇರುವವನೂ ‘ಕೂಲಿ ಮಾಡ್ತೀನಿ ಸ್ವಾಮಿ’ ಅನ್ನುತ್ತಾನೆ. ಆಸ್ತಿ-ಸಾಲದ ಅಫಿಡವಿಟ್ ಇಬ್ಬರೂ ಸಲ್ಲಿಸಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಅವನು ಬರೆದದ್ದು ಸುಳ್ಳು ಅಂತ ತೋರಿಸಲು ಕೈಯಲ್ಲಿ ಕಾಗದ ಬೇಕಲ್ಲ. ಪಹಣಿಯನ್ನು ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ತೆಗೆಸಬಹುದು. ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು, ಡೇರಿಯ ಬಟವಾಡೆ ಪುಸ್ತಕ, ಟ್ರ್ಯಾಕ್ಟರ್ ಆರ್‌ಸಿ, ಸಂಬಳದ ಚೀಟಿ, ಇವುಗಳ ಫೋಟೊ ಮನೆಯಲ್ಲಿರುವಾಗಲೇ ಆಗಬೇಕು.

6. ಎಲ್ಲಿಗೆ ಹೋಗಬೇಕು, ಯಾವ ದಾರಿ

ಇಲ್ಲಿ ಎರಡು ದಾರಿ ಇವೆ. ಜನ ಎರಡನ್ನೂ ಬೆರೆಸಿ ಗಾಬರಿಯಾಗುತ್ತಾರೆ. ಒಂದು ‘ಡಿ.ವಿ. ಕೇಸು’, ಮೇಲೆ ಹೇಳಿದ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯದ್ದು. ಇದರಲ್ಲಿ ಅವನು ಜೈಲಿಗೆ ಹೋಗುವುದಿಲ್ಲ. ಹೊಡೆಯಬಾರದು, ಹತ್ತಿರ ಸುಳಿಯಬಾರದು, ಮನೆಯಿಂದ ಹೊರಹಾಕಬಾರದು, ಖರ್ಚಿಗೆ ಇಷ್ಟು ಕೊಡಬೇಕು, ಮಕ್ಕಳು ಅವಳ ಹತ್ತಿರ ಇರಬೇಕು ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡುತ್ತಾರೆ. ಆ ಆದೇಶ ಮುರಿದರೆ ಮಾತ್ರ ಒಂದು ವರ್ಷದ ತನಕ ಜೈಲು, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇನ್ನೊಂದು, ಎಲ್ಲರ ಬಾಯಲ್ಲಿ ಇನ್ನೂ ‘498ಎ’ ಅಂತಲೇ ಇರುವ, ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಮೇಲಿನ ಕ್ರಿಮಿನಲ್ ಕೇಸು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಶಿಕ್ಷೆ ಮೂರು ವರ್ಷದ ತನಕ. ‘ಅವರು ಜೈಲಿಗೆ ಹೋಗೋದು ಬೇಡ, ಹೊಡೆಯೋದು ನಿಂತರೆ ಸಾಕು’ ಅನ್ನುವವಳಿಗೆ ಮೊದಲನೆಯ ದಾರಿ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಹೇಳುವ ಕೆಲಸ ನಿಮ್ಮದು.

ಡಿ.ವಿ. ಕೇಸಿಗೆ ತಾಲ್ಲೂಕಿನ ಸಿಡಿಪಿಓ ಆಫೀಸೇ ಬಾಗಿಲು. ಅಲ್ಲಿಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಅವರು ಕೌಟುಂಬಿಕ ಘಟನಾ ವರದಿ ಬರೆದು ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಕಳಿಸುತ್ತಾರೆ. ಆಫೀಸು ಎಲ್ಲಿದೆ ಅಂತ ಅಂಗನವಾಡಿ ಟೀಚರಿಗೆ ಗೊತ್ತಿರುತ್ತದೆ, ಆದರೆ ಅದೇ ಊರಿನ ಟೀಚರನ್ನು ಕೇಳಿದರೆ ಸಂಜೆಗೆ ಊರಿಗೆಲ್ಲ ಗೊತ್ತು. ಪಕ್ಕದ ಊರಲ್ಲಿ ಕೇಳಿ. ಹಿಂಸೆ ನಡೆಯುತ್ತಿದೆ ಅಂತ ಹೊರಗಿನವರೂ ಇವರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಫೋನಿನಲ್ಲಾದರೆ 15100. ಅರ್ಜಿಯ ಜೊತೆಗೇ ಮಧ್ಯಂತರ ಆದೇಶವನ್ನೂ ಕೇಳಲು ವಕೀಲರಿಗೆ ನೆನಪಿಸಿ. 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ, ನಡೆಯುವುದು ಹಾಗಲ್ಲ. ನಡುವಿನ ತಿಂಗಳುಗಳಲ್ಲಿ ಅವಳ ಕೈ ಹಿಡಿಯುವುದು ಮಧ್ಯಂತರ ಆದೇಶವೇ.

ಕೇಸನ್ನು ಗಂಡನ ಊರಿನಲ್ಲೇ ಹಾಕಬೇಕಿಲ್ಲ. ಮಳವಳ್ಳಿಗೆ ಕೊಟ್ಟ ಹುಡುಗಿ ನಂಜನಗೂಡಿನ ತವರಿಗೆ ಬಂದಿದ್ದರೆ ನಂಜನಗೂಡಲ್ಲೇ ಹಾಕಬಹುದು, ಅವಳು ಅಲ್ಲಿ ತಾತ್ಕಾಲಿಕವಾಗಿ ಇದ್ದರೂ ನಡೆಯುತ್ತದೆ. ಮನೆ ಮಾವನ ಹೆಸರಲ್ಲಿದೆ, ನಿನಗೇನೂ ಹಕ್ಕಿಲ್ಲ ಅನ್ನುವ ಮಾತಿಗೂ ಹೆದರಬೇಕಿಲ್ಲ. ಸಂಸಾರ ಮಾಡಿದ ಮನೆ ಅತ್ತೆ-ಮಾವನದ್ದಾದರೂ ಅಲ್ಲಿ ವಾಸದ ಹಕ್ಕು ಕೇಳಬಹುದು ಅಂತ 2020ರ ಸುಪ್ರೀಂ ಕೋರ್ಟ್ ತೀರ್ಪಿದೆ.

ಪೊಲೀಸ್ ಠಾಣೆಗೆ ಹೋಗುವುದಾದರೆ ದೂರು ಬರೆದುಕೊಂಡೇ ಹೋಗಿ, ಎರಡು ಪ್ರತಿ. ಮೈಸೂರು, ಮಂಡ್ಯದಲ್ಲಿ ಮಹಿಳಾ ಠಾಣೆ ಇವೆ, ಆದರೆ ಯಾವ ಠಾಣೆಯವರೂ ‘ನಮ್ಮ ಸರಹದ್ದಲ್ಲ’ ಅನ್ನುವಂತಿಲ್ಲ, ಸರಹದ್ದು ನೋಡದೆ ದಾಖಲಿಸುವ ಜೀರೋ ಎಫ್‌ಐಆರ್ ಮಾಡಬೇಕು. ನಡೆಯುವುದೇನೆಂದರೆ, ಅವನನ್ನು ಕರೆಸಿ, ಗದರಿ, ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸುವುದು. ಮುಚ್ಚಳಿಕೆ ಕೋರ್ಟಿನ ಆದೇಶವಲ್ಲ, ಮುರಿದರೆ ತಾನಾಗಿ ಶಿಕ್ಷೆಯಿಲ್ಲ. ಅದನ್ನು ಒಪ್ಪುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು, ಒಪ್ಪಿದರೂ ಅದರ ನಕಲು ಕೇಳಿ ಪಡೆಯಿರಿ. ದೂರು ತೆಗೆದುಕೊಳ್ಳದಿದ್ದರೆ, ಯಾಕೆ ಅಂತ ಬರೆದುಕೊಡುವ ಹಿಂಬರಹ ಕೇಳಿ. ಅದನ್ನೂ ಕೊಡದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿಯವರಿಗೆ, ಮೈಸೂರು ನಗರವಾದರೆ ಪೊಲೀಸ್ ಕಮಿಷನರಿಗೆ ಕಳಿಸಿ.

ಉಳಿಯಲು ಜಾಗವಿಲ್ಲದಿದ್ದರೆ 181. ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರಿಗೆ ಸೇರಿಸುತ್ತಾರೆ. ಅಲ್ಲಿ ಐದು ದಿನದ ತನಕ ಇರಬಹುದು, ಆಪ್ತಸಲಹೆ, ವೈದ್ಯಕೀಯ ಮತ್ತು ಕಾನೂನು ನೆರವು ಒಂದೇ ಕಡೆ. ಅದಕ್ಕಿಂತ ಹೆಚ್ಚು ದಿನಕ್ಕೆ ಬೇರೆ ಆಶ್ರಯ ಮನೆಗೆ ಅವರೇ ಕಳಿಸುತ್ತಾರೆ. ಜೊತೆಗೆ ಬರುವ ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇರುವುದರಿಂದ ಮಗನಿದ್ದರೆ ಫೋನಿನಲ್ಲೇ ಕೇಳಿಕೊಳ್ಳಿ.

7. ಹೊರಡುವ ದಿನ

ಇಡೀ ದಾರಿಯಲ್ಲಿ ಅತಿ ಅಪಾಯದ ಹೊತ್ತು ಇದು, ಇದರ ನಂತರದ ಕೆಲವು ವಾರಗಳೂ ಹಾಗೇ. ‘ಬಿಟ್ಟು ಹೋಗ್ತೀನಿ’ ಅಂತ ಅವನಿಗೆ ಹೇಳಿ ಹೊರಡಬಾರದು. ಜಗಳದ ನಡುವೆ ಬೇಡ, ಅವನು ಕೆಲಸದಲ್ಲಿರುವ ಮಾಮೂಲಿ ದಿನ, ಮಾಮೂಲಿ ಹೊತ್ತಿಗೆ, ಸಂತೆಗೋ ಆಸ್ಪತ್ರೆಗೋ ಹೊರಟಂತೆ. ಕೈಯಲ್ಲಿ ಕಾಸಿಲ್ಲದಿದ್ದರೂ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಸಿಗುತ್ತದೆ, ರಾಜಹಂಸ, ಐರಾವತದಲ್ಲಿ ಇಲ್ಲ. ಗುರುತಿನ ಚೀಟಿ ಬೇಕೇ ಬೇಕು. ಊರಿನ ಸ್ಟಾಪಿನಲ್ಲಿ ಹತ್ತಿದರೆ ನೋಡುವವರು ಬಹಳ, ಮುಂದಿನ ಸ್ಟಾಪಿನ ತನಕ ನಿಮ್ಮ ಗಾಡಿಯಲ್ಲಿ ಬಿಡಿ.

ಮಕ್ಕಳನ್ನು ‘ಆಮೇಲೆ ಕರೆಸಿಕೊಳ್ಳೋಣ’ ಅಂತ ಬಿಟ್ಟು ಬಂದರೆ, ವಾಪಸ್ ಪಡೆಯಲು ಕೋರ್ಟಿಗೆ ಅಲೆಯುವುದು ತಿಂಗಳುಗಟ್ಟಲೆ. ಆದಷ್ಟೂ ಜೊತೆಗೇ ಕರೆತನ್ನಿ. ಎಂಟನೇ ತರಗತಿಯ ತನಕ ಟಿಸಿ ಇಲ್ಲ ಅನ್ನುವ ಕಾರಣಕ್ಕೆ ಸರ್ಕಾರಿ ಶಾಲೆಯವರು ದಾಖಲಾತಿ ತಡೆಯುವಂತಿಲ್ಲ.

ಅದೇ ದಿನ ಇನ್ನೊಂದು ಕೆಲಸ. ಸಂಜೆಗೆ ಅವನು ಠಾಣೆಗೆ ಹೋಗಿ ‘ಹೆಂಡತಿ ಕಾಣೆಯಾಗಿದ್ದಾಳೆ’ ಅಂತ ದೂರು ಕೊಡುವುದು ಮಾಮೂಲು. ಪೊಲೀಸರು ಹುಡುಕಿ ತಂದು ಅವನೆದುರೇ ನಿಲ್ಲಿಸುತ್ತಾರೆ. ಅದಕ್ಕೆ ಮೊದಲೇ, ‘ಹಿಂಸೆ ತಾಳಲಾರದೆ ನನ್ನ ಇಷ್ಟದಿಂದ ಮನೆ ಬಿಟ್ಟಿದ್ದೇನೆ, ಕ್ಷೇಮವಾಗಿದ್ದೇನೆ, ವಿಳಾಸವನ್ನು ಗಂಡನಿಗೆ ಕೊಡಬಾರದು’ ಅಂತ ಅವಳ ಸಹಿಯ ಕಾಗದವನ್ನು ಎರಡೂ ಊರಿನ ಠಾಣೆಗೆ ತಲುಪಿಸಿ ಸ್ವೀಕೃತಿ ಪಡೆಯಿರಿ.

ಅವನು ನಿಮ್ಮ ಮನೆಗೆ ಬಂದರೆ ಬಾಗಿಲು ತೆಗೆಯಬೇಡಿ, ಕಿಟಕಿಯಿಂದ ವಾದಕ್ಕಿಳಿಯಬೇಡಿ, 112. ಕೂಗಾಡಿದರೆ ವಿಡಿಯೊ ಮಾಡಿ. ಏನೂ ಗೊತ್ತಿಲ್ಲದ ವಯಸ್ಸಾದವರು ಮನೆಯಲ್ಲಿದ್ದರೆ ಅವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ‘ಬಾಪ್ಪ ಒಳೀಕೆ’ ಅಂತ ಕರೆದು ಕಾಫಿ ಕೊಡುತ್ತಾರೆ.

8. ಬಂದ ಮೇಲೆ

ಸಾಲದವರು ಮೊದಲು ಬರುತ್ತಾರೆ. ಅವಳ ಹೆಸರಲ್ಲಿ ಸಂಘದ ಸಾಲವಿದ್ದರೆ ವಾರದ ಕಂತು ಅವಳನ್ನು ಹುಡುಕಿಕೊಂಡು ಬರುತ್ತದೆ, ಜೊತೆಗೆ ಅವಳ ಹೊಸ ವಿಳಾಸವೂ ಊರಿಗೆ ಹೋಗುತ್ತದೆ. ಸಂಘದ ಪ್ರತಿನಿಧಿಯ ಜೊತೆ ನೀವು ಬೇರೆಡೆ ಕೂತು ಮಾತಾಡಿ. ದುಡ್ಡು ಗಂಡನ ಕೈಸೇರಿದ್ದರೆ ಅದನ್ನು ಡಿ.ವಿ. ಅರ್ಜಿಯಲ್ಲಿ ಆರ್ಥಿಕ ಹಿಂಸೆಯಾಗಿ ಬರೆಸಿ.

ಮಾರನೆಯ ವಾರದಿಂದ ಅವನ ಫೋನು ಶುರು. ಅಳುತ್ತಾನೆ, ಮಲೆ ಮಾದಪ್ಪನ ಮೇಲೆ ಆಣೆ ಇಡುತ್ತಾನೆ, ಅತ್ತೆಗೆ ಹುಷಾರಿಲ್ಲ ಅನ್ನುತ್ತಾನೆ. ಅವಳು ಕರಗಿದರೆ ಆಶ್ಚರ್ಯವಿಲ್ಲ. ತವರಲ್ಲಿ ಅತ್ತಿಗೆಯ ಮುಖ ಗಂಟಿಕ್ಕಿದ್ದರೆ ಇನ್ನೂ ಬೇಗ ಕರಗುತ್ತಾಳೆ. ಅವಳ ಪಾಲಿನ ಅಕ್ಕಿ-ಬೇಳೆ ಯಾರ ಲೆಕ್ಕಕ್ಕೆ ಅನ್ನುವುದನ್ನು ಗಂಡಸರು ಮೊದಲೇ ಇತ್ಯರ್ಥ ಮಾಡಿಕೊಂಡಿದ್ದರೆ ಅರ್ಧ ಜನ ವಾಪಸ್ ಹೋಗುವುದೇ ಇಲ್ಲ ಅನ್ನುವುದು ನಮ್ಮ ಅನಿಸಿಕೆ.

ಹಾಗೂ ಹೋದರೆ, ‘ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ’ ಅನ್ನಬೇಡಿ, ‘ಇನ್ನು ನಮ್ಮನ್ನ ಕೇಳ್ಬೇಡ’ ಅಂತಂತೂ ಅನ್ನಲೇಬೇಡಿ. ಪೂರ್ತಿ ಬಿಡುವ ಮೊದಲು ಹಲವು ಸಲ ಹೋಗಿ ಬರುವುದು ಸಾಮಾನ್ಯ. ಕೇಸು ಹಾಕಿದ್ದರೆ ತಕ್ಷಣ ಹಿಂತೆಗೆದುಕೊಳ್ಳಬೇಕಾಗಿಲ್ಲ, ವಕೀಲರ ಜೊತೆ ಮಾತಾಡಲಿ. ಗಂಡನ ಜೊತೆ ಅದೇ ಮನೆಯಲ್ಲಿ ಇದ್ದುಕೊಂಡೇ ರಕ್ಷಣಾ ಆದೇಶ ಕೇಳಲು ಅವಕಾಶವಿದೆ. ಎಂಎಲ್‌ಸಿ ನಂಬರು, ಫೋಟೊ, ದೂರಿನ ಪ್ರತಿ, ಚೀಲ ಎಲ್ಲ ನಿಮ್ಮಲ್ಲೇ ಇರಲಿ. ಗುಟ್ಟಿನ ವಾಕ್ಯವನ್ನು ಮಾತ್ರ ಬದಲಾಯಿಸಿಕೊಳ್ಳಿ, ಹಳೆಯದನ್ನು ಅವಳು ಅವನಿಗೆ ಹೇಳಿರಬಹುದು.